ಜಾಮೀನಿಗೆ ಸಹಿ ಹಾಕಿಸಿದವನು ಜಾವಾಕ್ಕೆ ಹೋದದ್ದು

ಔರಾದ

ಪರದೇಶಕ್ಕೆ ಹೋಗಿ ಬಂದವರು ಮೊದಲು ಅಲ್ಲಿಯ ರಸ್ತೆ ಹೊಗಳುತ್ತಾರೆ, ಆಮೇಲೆ ಅಲ್ಲಿಯ ಸ್ವಚ್ಛತೆ. ಎರಡನ್ನೂ ನಾನು ಬಿಟ್ಟುಬಿಡುತ್ತೇನೆ. ನನ್ನ ಪ್ರವಾಸ ಸುರುವಾದದ್ದು ಔರಾದಿನ ಬ್ಯಾಂಕಿನಲ್ಲಿ, ನನ್ನ ಮೇಜಿನ ಖಾನೆಯಿಂದ. ಅದರೊಳಗೆ ಒಂದು ಒಪ್ಪಿಗೆ ಪತ್ರ ಟೈಪಾಗಿ ಕೂತಿತ್ತು. ಅದಕ್ಕೆ ಮಾರ್ತಾ ಸಿಸ್ಟರ್ ಅವರ ಸಹಿಯೊಂದು ಬಾಕಿ.

ಮಾರ್ತಾ ಸಿಸ್ಟರ್ ಔರಾದಿನ ಸರಕಾರಿ ದವಾಖಾನೆಯ ನರ್ಸ್. ಭಾನುವಾರ ಬೀದರಿನ ಚರ್ಚಿಗೆ ಮೊದಲ ಬಸ್ಸು ಹಿಡಿದು ಹೋಗುವ ಹೆಂಗಸು, ಒಂಟಿ ಜೀವ. ನೌಕರಿಯುದ್ದಕ್ಕೂ ಬಾಡಿಗೆ ಮನೆಯಲ್ಲಿದ್ದವರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಆಗ ಬರುವ ಹಣದಲ್ಲಿ ಬೀದರಿನಲ್ಲಿ ಎರಡು ಕೋಣೆ ಕಟ್ಟಿಸಬೇಕೆಂದು ಜಾಗ ನೋಡಿಟ್ಟಿದ್ದರು. ದವಾಖಾನೆಯ ಎದುರಿಗೆ ಔಷಧಿ ಅಂಗಡಿ ಇಟ್ಟಿದ್ದ ಸಂಜು ಎಂಬವನು ರಕ್ತ ಪರೀಕ್ಷೆಯ ಯಂತ್ರಕ್ಕೆಂದು ನಮ್ಮಲ್ಲಿ ಸಾಲ ತೆಗೆದ. ಅವನಿಗೆ ಜಾಮೀನು ನಿಂತವರು ಈ ಸಿಸ್ಟರ್. ನಾಲ್ಕು ಕಂತು ಕಟ್ಟಿದವನು ಒಂದು ದಿನ ಅಂಗಡಿಗೆ ಬೀಗ ಹಾಕಿ, ಯಂತ್ರ ಹೇರಿಕೊಂಡು ಹೈದರಾಬಾದಿಗೆ ಹೋದ. ಉಂಡೂ ಹೋದ ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗೆ. ಅಂದಿನಿಂದ ಕಂತನ್ನು ಸಿಸ್ಟರ್ ಪಗಾರದಿಂದ ಮುರಿದುಕೊಳ್ಳುತ್ತಿದ್ದೆವು. ಉಳಿದದ್ದನ್ನು ನಿವೃತ್ತಿಯ ಹಣದಿಂದ ಒಂದೇ ಸಲ ಕಟ್ಟುತ್ತೇನೆಂದು ಅವರಿಂದ ಬರೆಸಿಕೊಳ್ಳಿ ಎಂದು ಬೀದರಿನ ನಮ್ಮ ಹೆಡ್ಡಾಫೀಸಿನ ಹುಕುಮು. ಬರೆಸಿಕೊಂಡರೆ ಎರಡು ಕೋಣೆ ಹೋದ ಹಾಗೆಯೇ.

ಅವರು ಯಾಕೆ ಜಾಮೀನು ನಿಂತರು ಎಂದು ಬೇರೆ ಕಡೆಯವರು ಕೇಳಬಹುದು. ನಮ್ಮಲ್ಲಿ ಇದಕ್ಕೆ ಮುಲಾಜು ಎನ್ನುತ್ತಾರೆ. ಎದುರಿಗೆ ನಿಂತವನ ಮುಖ ನೋಡಿ ಇಲ್ಲ ಎನ್ನಲಾಗದ ಸಂಕೋಚ. ಮದುವೆಗೆ ಕರೆದಾಗ ಹೋಗದಿದ್ದರೆ ಎಷ್ಟು ತಪ್ಪೋ ಜಾಮೀನಿಗೆ ಕರೆದಾಗ ಹೋಗದಿದ್ದರೂ ಅಷ್ಟೇ ತಪ್ಪು. ಸಂಜು ದಿನಾ ಎರಡು ಸಲ "ಅಕ್ಕಾರ, ಚಾ ಕುಡೀರಿ" ಎನ್ನುತ್ತಿದ್ದ. ಮೇಲಾಗಿ ಫೋನು ಮಾಡಿ ಕರೆದವನು ಬ್ಯಾಂಕಿನ ಮ್ಯಾನೇಜರನಾದ ನಾನು. "ಐದು ಮಿನಿಟಿನ ಕೆಲಸ ಅದ ಸಿಸ್ಟರ್, ಬಂದು ಸಹಿ ಹಾಕಿ ಹೋಗ್ರಿ" ಎಂದಿದ್ದೆ. ಅವರು ಡ್ಯೂಟಿಯ ನಡುವೆ ಬಂದು, ನಾನು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿ, ಇಂಜೆಕ್ಷನ್ ಕೊಡಲು ಓಡಿ ಹೋದರು. ನಾನು ಒಂದು ಸಾಲನ್ನೂ ಓದಿ ಹೇಳಲಿಲ್ಲ.

ನಮ್ಮ ಶಾಖೆಯ ವಸೂಲಿ ಇಡೀ ಬ್ಯಾಂಕಿನಲ್ಲೇ ಚಲೋ. ಗುಟ್ಟು ಬಹಳ ಸರಳ. ನಾವು ಸಾಲಗಾರನ ದಂಧೆ ನೋಡುವುದಿಲ್ಲ, ಜಾಮೀನುದಾರನ ಪಗಾರದ ಚೀಟಿ ನೋಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಜನ ಬೈಯಲು ಬಳಸುತ್ತಾರೆ. ನಮ್ಮಲ್ಲಿ ಅದೇ ಸಾಲ ನೀತಿ. ಈ ಘನ ಸಾಧನೆಗಾಗಿ ನನ್ನನ್ನು ತರಬೇತಿಗೆ ಆರಿಸಿದರು: "ಜವಾಬ್ದಾರಿಯುತ ಸಾಲ, ತತ್ವ ಮತ್ತು ಪ್ರಯೋಗ". ಊರು ಇಂಡೋನೇಷ್ಯಾದ ಜಾವಾ ದ್ವೀಪದ ಜೋಗ್ಯಕರ್ತಾ. ಖರ್ಚೆಲ್ಲ ಪರದೇಶದ ಯಾವುದೋ ಸಂಸ್ಥೆಯದು. ಖರ್ಚು ನಮ್ಮದೇ ಆಗಿದ್ದರೆ ನಮಗೆ ಜವಾಬ್ದಾರಿಯ ನೆನಪೇ ಆಗುತ್ತಿರಲಿಲ್ಲ.

ಬೀದರ, ಆಮೇಲೆ ಆಕಾಶ

ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸಹಪ್ರಯಾಣಿಕರು ಸಿಕ್ಕರು: ಭಾಲ್ಕಿಯ ಬಸವಂತರಾವ್, ನಮ್ಮ ಬ್ಯಾಂಕಿನ ಡೈರೆಕ್ಟರು. ತರಬೇತಿ ಇದ್ದದ್ದು ಸಾಲ ಕೊಡುವ ಅಧಿಕಾರಿಗಳಿಗೆ. ಆದರೆ ಡೈರೆಕ್ಟರಿಗೂ ಸಮುದ್ರ ನೋಡುವ ಆಸೆ ಇರುತ್ತದೆ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಸಂಜು ಇವರ ತಂಗಿಯ ಮಗ. ಸಾಲದ ಅರ್ಜಿ ಬಂದ ದಿನ ಇವರದೇ ಫೋನು. "ನಮ್ಮ ಹುಡುಗ ಅದಾನ್ರಿ ಸಾಹೇಬ್ರ. ಕಣ್ಣ ಮುಚ್ಚಿ ಕೊಡ್ರಿ." ಅವರು ಹೇಳಿದಂತೆಯೇ ನಾನು ಕಣ್ಣು ಮುಚ್ಚಿ ಕೊಟ್ಟಿದ್ದೆ.

ಜನವಾಡದ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಬುದ್ಧವಂದನೆ ಹೇಳದೆ ಚಹಾ ಮುಟ್ಟುವುದಿಲ್ಲ. ನಾನು ಹೋಗುವ ಊರಿನ ಹತ್ತಿರ ಜಗತ್ತಿನ ದೊಡ್ಡ ಸ್ತೂಪ ಇದೆಯೆಂದು ಮೊಮ್ಮಕ್ಕಳು ಫೋನಿನಲ್ಲಿ ತೋರಿಸಿದ್ದರು. "ನಿನ್ನ ಬ್ಯಾಂಕಿನ ಸುದ್ದಿ ನಂಗೇನೂ ತಿಳ್ಯಂಗಿಲ್ಲ. ನನ್ನ ಹೆಸರಿಲೆ ಅಲ್ಲಿ ಒಂದು ಹೂವಾ ಇಟ್ಟು ಬಾ" ಎಂದು ಕಳಿಸಿದಳು.

ಹೈದರಾಬಾದಿನಿಂದ ಮಲೇಷ್ಯಾ, ಅಲ್ಲಿಂದ ಜೋಗ್ಯಕರ್ತಾ. ಇಳಿದ ಕೂಡಲೇ ಕಸ್ಟಮ್ಸಿನವರು ಬಸವಂತರಾವ್ ಅವರ ಚೀಲ ಹಿಡಿದರು. ಒಳಗಿದ್ದದ್ದು ನಲವತ್ತು ಖಡಕ್ ಜೋಳದ ರೊಟ್ಟಿ ಮತ್ತು ಎರಡು ಡಬ್ಬಿ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ. ಕಸ್ಟಮ್ಸಿನ ಹೆಣ್ಣುಮಗಳು ಒಂದು ರೊಟ್ಟಿ ಎತ್ತಿ ಬೆರಳಿಂದ ತಟ್ಟಿದಳು. ಅದು ಟಣ್ ಎಂದಿತು. ಇನ್ನೊಬ್ಬನನ್ನು ಕರೆದಳು. ಅವನೂ ತಟ್ಟಿದ. ಡೈರೆಕ್ಟರು ಮುರಿದು ತಿಂದು ತೋರಿಸಿದ ಮೇಲೆ ಅದು ಆಹಾರವೆಂದು ಒಪ್ಪಿದರು. ಹಿಂಡಿಯ ಡಬ್ಬಿಗೆ ಮೂಗಿಟ್ಟವನು ಏಳು ಸಲ ಸೀನಿ ಎರಡನ್ನೂ ಕಸದ ಬುಟ್ಟಿಗೆ ಹಾಕಿದ. "ಸಾಲ ಮುಳುಗಿದ್ರ ನಡೀತದ್ರಿ, ಹಿಂಡಿ ಹೋಗಬಾರದಿತ್ತು" ಎಂದು ಡೈರೆಕ್ಟರು ಹೋಟೆಲಿನವರೆಗೂ ಮರುಗಿದರು. ಅದು ಅವರ ಮನದಾಳದ ಮಾತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಜೋಗ್ಯಕರ್ತಾ: ಬಣ್ಣದ ಚೀಟಿಗಳು

ಊರು ಚಲೋ ಇತ್ತು. ಎಲ್ಲಿ ನೋಡಿದರೂ ಮೋಟರ್‌ಸೈಕಲ್, ಆದರೆ ಹಾರ್ನಿನ ಸದ್ದು ಕಡಿಮೆ. ಗಂಡನಿಗೆ ಅವರ ಭಾಷೆಯಲ್ಲಿ ಸುವಾಮಿ ಎನ್ನುತ್ತಾರೆ. ನಮ್ಮ ಹೆಂಗಸರು ಕೇಳಿದ್ದರೆ ನಗುತ್ತಿದ್ದರು. ಹಲಸಿನ ಕಾಯಿಯ ಪಲ್ಯಕ್ಕೂ ಬೆಲ್ಲ ಸುರಿಯುತ್ತಾರೆ. ಡೈರೆಕ್ಟರು ಮೊದಲ ತುತ್ತಿಗೇ "ಇದು ಪಲ್ಯಾ ಏನ್ರಿ, ಹೋಳಗಿ ಹೂರ್ಣಾ?" ಎಂದು ಕೇಳಿ ಚೀಲದ ರೊಟ್ಟಿಗೆ ಕೈ ಹಾಕಿದರು.

ತರಬೇತಿ ಕೊಡುವವರು ಯುರೋಪಿನಿಂದ ಬಂದ ಎತ್ತರದ ಸಾಹೇಬರು. ಸಾಲದ ಬಗ್ಗೆ ಮಾತಾಡುವ ಮೊದಲು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿ ಚೆಂಡು ಎಸೆಯುವ ಆಟ ಆಡಿಸಿದರು. ಚೆಂಡು ಹಿಡಿದವರು ತಮ್ಮ ಹೆಸರು ಮತ್ತು ಮೆಚ್ಚಿನ ಪ್ರಾಣಿಯ ಹೆಸರು ಹೇಳಬೇಕು. ನೇಪಾಳದವನೊಬ್ಬ ಹುಲಿ ಎಂದ, ಕೀನ್ಯಾದ ಹೆಣ್ಣುಮಗಳು ಆನೆ ಎಂದಳು. ನಮ್ಮ ಡೈರೆಕ್ಟರು ಎಮ್ಮೆ ಎಂದರು. ಹೈನದ ಲೆಕ್ಕವನ್ನೂ ಹೇಳಲು ಹೊರಟವರನ್ನು ನಾನು ಕೂಡಿಸಿದೆ.

ಆಮೇಲೆ ಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸಿದರು. ಒಂದೊಂದರ ಮೇಲೆ ಒಂದು ತತ್ವ. ಕಟ್ಟಲಾರದವನಿಗೆ ಸಾಲ ಕೊಡಬೇಡಿ. ತಿಳಿಯುವ ಭಾಷೆಯಲ್ಲಿ ಹೇಳಿ. ವಸೂಲಿಯಲ್ಲಿ ಮರ್ಯಾದೆ ಇರಲಿ. ದೂರು ಬಂದರೆ ಕೇಳಿ. ಇಷ್ಟು ತಿಳಿಯಲು ಎರಡು ವಿಮಾನ ಹತ್ತಬೇಕಿತ್ತೇ? ನಮ್ಮ ಜನವಾಡದ ಕಿರಾಣಿ ಅಂಗಡಿಯವನು ಕಾಲು ಕಿಲೋ ಸಕ್ಕರೆ ಉದ್ರಿ ಕೊಡುವಾಗ ಇದಕ್ಕಿಂತ ಹೆಚ್ಚು ವಿಚಾರ ಮಾಡುತ್ತಾನೆ. ಸಾಹೇಬರು ತಲೆಗೊಂದು ಚೀಟಿ ಕೊಟ್ಟು ಅದರ ಬಗ್ಗೆ ಯೋಚಿಸಿರಿ ಎಂದರು. ಡೈರೆಕ್ಟರಿಗೆ ಪಾರದರ್ಶಕತೆ ಬಂತು. ಅದನ್ನು ಎದೆಯ ಮೇಲಿಟ್ಟುಕೊಂಡು ಊಟದ ಹೊತ್ತಿನವರೆಗೂ ನಿದ್ದೆ ಮಾಡಿದರು. ನನ್ನ ಚೀಟಿ ತಿಳಿಯುವ ಭಾಷೆಯದ್ದು. ನಾನು ಅದರ ಹಿಂದೆ ಮನೆಗೆ ಒಯ್ಯಬೇಕಾದ ಸಾಮಾನಿನ ಪಟ್ಟಿ ಬರೆದುಕೊಂಡೆ.

ಹಳ್ಳಿಯ ಬ್ಯಾಂಕು

ಮರುದಿನ ನಮ್ಮನ್ನು ಒಬ್ಬೊಬ್ಬ ಸ್ಥಳೀಯ ಅಧಿಕಾರಿಯ ಜೊತೆ ಹಳ್ಳಿಗೆ ಕಳಿಸಿದರು. ಡೈರೆಕ್ಟರು ಹೊಟ್ಟೆ ಸರಿಯಿಲ್ಲವೆಂದು ಪೇಟೆಗೆ ಹೋದರು. ನನ್ನ ಪಾಲಿಗೆ ಬಂದವರು ಬು ವಾತಿ. ಬು ಎಂದರೆ ಅಲ್ಲಿ ಅವ್ವ, ಅಮ್ಮನವರೇ ಎಂಬ ಹಾಗೆ. ಐವತ್ತು ದಾಟಿದ ಕುಳ್ಳ ಹೆಂಗಸು, ತಲೆಗೆ ಬಟ್ಟೆ, ಅದರ ಮೇಲೆ ಹೆಲ್ಮೆಟ್. ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಗದ್ದೆಗಳ ನಡುವೆ ಹೊರಟರು. ಅವರ ಬ್ಯಾಂಕಿನ ಗೋಡೆಯ ಮೇಲೆ ಜಾಮಿನಾನ್ ಎಂಬ ಪದ ದೊಡ್ಡದಾಗಿ ಬರೆದಿತ್ತು. ಏನೆಂದು ಕೇಳಿದರೆ ನಮ್ಮ ಜಾಮೀನೇ! ಸಮುದ್ರ ದಾಟಿ ಬಂದರೂ ಇದು ನನ್ನ ಬೆನ್ನು ಬಿಡಲಿಲ್ಲ.

ಹೋದದ್ದು ಕರಿದ ತಿಂಡಿ ಮಾರುವ ಹೆಂಗಸೊಬ್ಬಳ ಮನೆಗೆ. ಅವಳಿಗೆ ಹಿಟ್ಟು ನಾದುವ ಯಂತ್ರ ಬೇಕಿತ್ತು. ಮುಚ್ಚಳವಿದ್ದ ಗ್ಲಾಸುಗಳಲ್ಲಿ ಚಹಾ ಬಂತು. ನಾನು ಮುಚ್ಚಳ ತೆಗೆದು ನಮ್ಮ ಪದ್ಧತಿಯಂತೆ ಎರಡು ಗುಟುಕಿಗೆ ಮುಗಿಸಿದೆ. ನೋಡಿದರೆ ಬೇರೆ ಯಾರೂ ಗ್ಲಾಸು ಮುಟ್ಟಿಲ್ಲ. ಮನೆಯವರು ಕುಡಿಯಿರಿ ಎಂದು ಹೇಳುವವರೆಗೆ ಅಲ್ಲಿ ಕುಡಿಯುವಂತಿಲ್ಲವಂತೆ. ಎಲ್ಲರೂ ಬಹಳ ಸಭ್ಯವಾಗಿ ಗೋಡೆಯ ಕಡೆ ನೋಡಿದರು. ನಮ್ಮಲ್ಲಾಗಿದ್ದರೆ ಇನ್ನೊಂದು ಕಪ್ಪು ತರಿಸುತ್ತಿದ್ದರು, ಅಷ್ಟೇ.

ಅರ್ಧ ತಾಸು ಸಾಲದ ಮಾತೇ ಇಲ್ಲ. ಬು ವಾತಿ ಮಕ್ಕಳ ಶಾಲೆ ಕೇಳಿದರು, ಅಡುಗೆಮನೆಗೆ ಹೋಗಿ ಎಣ್ಣೆಯ ಡಬ್ಬಿ ನೋಡಿದರು, ದಿನಕ್ಕೆ ಎಷ್ಟು ಮಾರುತ್ತದೆ, ಮಳೆ ಬಂದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದರು. ಗಂಡನನ್ನು ಕರೆಸಿ ಪಕ್ಕದಲ್ಲಿ ಕೂಡಿಸಿದರು. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ, "ಈಗ ನೀನು ಹೇಳು" ಎಂದು ಆ ಹೆಂಗಸಿನ ಬಾಯಿಂದಲೇ ಎಲ್ಲವನ್ನೂ ಹೇಳಿಸಿದರು. ನನಗೆ ಆಕಳಿಕೆ ಬಂತು. ಇಷ್ಟು ಹೊತ್ತಿನಲ್ಲಿ ನಾನು ಔರಾದಿನಲ್ಲಿ ಆರು ಸಾಲ ಮಂಜೂರು ಮಾಡುತ್ತಿದ್ದೆ.

ಕೊನೆಗೆ ಜಾಮೀನು ನಿಲ್ಲಲು ಬಂದಿದ್ದ ಗಂಡನ ತಮ್ಮನ ಸರದಿ. ಪೆನ್ನು ಹಿಡಿದೇ ಕೂತಿದ್ದ. ಬು ವಾತಿ ಅವನಿಗೆ ಕೇಳಿದ್ದನ್ನೂ ನನಗೆ ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದರು. "ಅತ್ತಿಗೆ ಕಟ್ಟದಿದ್ದರೆ ನೀನು ಏನು ಮಾರಿ ಕಟ್ಟುತ್ತೀಯ?" ಅವನು ಬಾಗಿಲ ಹೊರಗೆ ನೋಡಿದ. ಅಲ್ಲಿ ಅವನು ಬಾಡಿಗೆಗೆ ಓಡಿಸುವ ಮೋಟರ್‌ಸೈಕಲ್ ನಿಂತಿತ್ತು. "ಅದನ್ನು ಮಾರಿದರೆ ನಿನ್ನ ಊಟ?" ಅವನು ಸುಮ್ಮನೆ ನಕ್ಕ. ಬು ವಾತಿ ಅವನ ಕೈಯಿಂದ ಪೆನ್ನು ತೆಗೆದುಕೊಂಡರು. ಆ ಹೆಂಗಸು ತಾನೇ ಕಟ್ಟಬಲ್ಲಷ್ಟು ಮಾತ್ರ ಸಾಲ, ಅದರಲ್ಲಿ ಬರುವ ಹಳೆಯ ಯಂತ್ರ ಎಂದು ಮಾತಾಯಿತು. ಆಗ ಆ ತಮ್ಮ ತಟ್ಟೆಯಿಂದ ಒಂದು ಬಾಳೆಹಣ್ಣಿನ ಬಜ್ಜಿ ಎತ್ತಿಕೊಂಡ. ಅಲ್ಲಿಯವರೆಗೆ ಅವನು ಏನನ್ನೂ ಮುಟ್ಟಿರಲಿಲ್ಲ.

ದಾರಿಯಲ್ಲಿ ನಾನು ಸ್ವಲ್ಪ ವ್ಯಂಗ್ಯವಾಗಿಯೇ ಕೇಳಿದೆ. ಮನೆಯವರ ಎದುರಿಗೆ ಅವನನ್ನು ಬೇಡವೆಂದಿರಲ್ಲ, ಬೇಸರವಾಗುವುದಿಲ್ಲವೇ?

"ಅವನಿಂದ ಬೇಡ ಅನ್ನಲು ಆಗುವುದಿಲ್ಲ. ತಮ್ಮನಲ್ಲವೇ?" ಎಂದರು ಬು ವಾತಿ. "ಅವನ ಪರವಾಗಿ ನಾನು ಅನ್ನಬೇಕು. ಬ್ಯಾಂಕು ನನಗೆ ಪಗಾರ ಕೊಡುವುದು ಅದಕ್ಕೇ."

ಮುಲಾಜು ಅವರಲ್ಲೂ ಇದೆ. ಅವರು ಅದರಿಂದ ಜನರನ್ನು ಕಾಯುತ್ತಾರೆ, ನಾವು ಅದನ್ನೇ ಅಡವಿಟ್ಟುಕೊಳ್ಳುತ್ತೇವೆ. ಇದನ್ನು ನಾನು ಅಂದೇ ತಿಳಿದೆ ಎಂದರೆ ಸುಳ್ಳಾಗುತ್ತದೆ. ಅಂದು ನನಗೆ ಬಂದದ್ದು ಸಿಟ್ಟು.

ನನ್ನ ಭಾಷಣ

ಒಬ್ಬೊಬ್ಬರೂ ತಮ್ಮ ಊರಿನ ಯಶಸ್ಸು ಹೇಳಬೇಕಿತ್ತು. ನಾನು ಹೊಸ ಟೈ ಕಟ್ಟಿ ಔರಾದಿನ ವಸೂಲಿಯ ಕಥೆ ಹೇಳಿದೆ. ಹೆಸರು ಹೇಳದೆ ಸಿಸ್ಟರ್ ಉದಾಹರಣೆಯನ್ನೇ ಕೊಟ್ಟೆ: ಸಾಲಗಾರ ಓಡಿಹೋದ, ಆದರೂ ಒಂದು ಕಂತು ತಪ್ಪಲಿಲ್ಲ! ಯುರೋಪಿನ ಸಾಹೇಬರು ಅದ್ಭುತ ಎಂದರು. ತಮ್ಮ ಗೋಡೆಯ ಚೀಟಿಗಳನ್ನು ತಾವೇ ಓದಿರಲಿಲ್ಲವೆಂದು ಕಾಣುತ್ತದೆ.

ಹಿಂದೆ ಕೂತಿದ್ದ ಬು ವಾತಿ ಕೈ ಎತ್ತಿದರು. "ಯಂತ್ರ ಯಾರ ಹತ್ತಿರ ಇದೆ?"

"ಸಾಲಗಾರನ ಹತ್ತಿರ."

"ಹಣ ಕಟ್ಟುತ್ತಿರುವವರು?"

"ಜಾಮೀನು ನಿಂತ ನರ್ಸ್."

"ಹಾಗಾದರೆ ಆ ನರ್ಸಿಗೆ ಏನು ಸಿಕ್ಕಿತು?"

ನಾನು ಬಾಯಿ ತೆರೆಯುವ ಮೊದಲೇ ಬಸವಂತರಾವ್ ಎದ್ದು ನಿಂತು ತಮಗೆ ಬರುವ ಇಂಗ್ಲಿಷಿನಲ್ಲಿ, ಅವಳಿಗೆ ಪುಣ್ಯ ಸಿಕ್ಕಿದೆ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬು ವಾತಿ ನಗಲಿಲ್ಲ. ನನ್ನನ್ನೇ ನೋಡುತ್ತ ಕೂತರು. ನಾನು ನಕ್ಕ ಆ ನಗು ನನಗೆ ಇವತ್ತಿಗೂ ನಾಚಿಕೆ ತರುತ್ತದೆ.

ಬೊರೊಬುದುರ್

ಕೊನೆಯ ದಿನ ಸ್ತೂಪಕ್ಕೆ ಕರೆದೊಯ್ದರು. ಹತ್ತುವವರಿಗೆ ಕಲ್ಲು ಸವೆಯದಂತೆ ಬೇರೆ ಚಪ್ಪಲಿ ಕೊಡುತ್ತಾರೆ. ಡೈರೆಕ್ಟರಿಗೆ ಚಪ್ಪಲಿ ಬಿಗಿಯಾಯಿತು, ಸಿಟ್ಟಾಗಿ ಕೆಳಗೇ ಕೂತರು. ನಾನು ಮೇಲೆ ಹೋದೆ. ಹೂವು ಇಡಲು ಜಾಗ ಎಲ್ಲಿದೆಯೆಂದು ಕಾವಲುಗಾರನನ್ನು ಕೇಳಿದೆ, ಮೇಲೆ ಇಡುವಂತಿಲ್ಲವೆಂದ. ಅವ್ವನ ಹೂವನ್ನು ಕೈಯಲ್ಲೇ ಹಿಡಿದು ಒಂದು ಸುತ್ತು ಬಂದೆ. ಸುತ್ತಲೂ ಫೋಟೊ ತೆಗೆದುಕೊಳ್ಳುವವರ ಗದ್ದಲ, ಬುದ್ಧನಿಗೆ ಬೆನ್ನು ಕೊಟ್ಟು ತಮ್ಮ ಮುಖ ನೋಡಿಕೊಳ್ಳುವವರೇ ಎಲ್ಲ.

ಕೆಳಗೆ ಬಂದಾಗ ಗೈಡು ಬುಡದ ಒಂದು ಮೂಲೆ ತೋರಿಸಿದ. ಯಾವ ಕರ್ಮಕ್ಕೆ ಯಾವ ಫಲ ಎಂದು ತೋರಿಸುವ ಕೆತ್ತನೆಗಳು ಬುಡದ ಸುತ್ತ ಇವೆಯಂತೆ. ಆದರೆ ಹಳೆಯ ಕಾಲದಲ್ಲೇ, ಪ್ರಾಯಶಃ ಕಟ್ಟಡ ಜಾರದಿರಲೆಂದು, ಅವನ್ನೆಲ್ಲ ಕಲ್ಲಿನಿಂದ ಮುಚ್ಚಿದರಂತೆ. ಈಗ ಕಾಣುವುದು ಈ ಮೂಲೆಯ ನಾಲ್ಕೇ ಚಿತ್ರ. ಕಟ್ಟಡ ನಿಲ್ಲಬೇಕಾದರೆ ಕರ್ಮದ ಫಲ ಕಾಣಬಾರದು! ಇದನ್ನು ಖಂಡಿತ ಯಾವುದೋ ಬ್ಯಾಂಕಿನವರೇ ಕಟ್ಟಿಸಿರಬೇಕು ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಆ ಮೂಲೆಯ ಎದುರಿಗೆ ಹೂವು ಇಟ್ಟೆ. ಯಾರೂ ಬೇಡವೆನ್ನಲಿಲ್ಲ. ಅಲ್ಲಿ ನಿಂತಾಗ ನನಗೆ ಮಾರ್ತಾ ಸಿಸ್ಟರ್ ನೆನಪಾದರು.

ಭಾಲ್ಕಿ

ಬಂದ ವಾರದಲ್ಲೇ ಬಸವಂತರಾವ್ ಭಾಲ್ಕಿಯ ತಮ್ಮ ಮನೆಯಲ್ಲಿ ನಮ್ಮಿಬ್ಬರ ಸತ್ಕಾರ ಇಟ್ಟರು. ಅವರ ಮನೆಯಲ್ಲಿ ಅವರದೇ ಸತ್ಕಾರ. ಶಾಲು ಹೊದಿಸಿದರು, ಜವಾಬ್ದಾರಿಯುತ ಸಾಲದ ಬಗ್ಗೆ ಡೈರೆಕ್ಟರು ಮುಕ್ಕಾಲು ತಾಸು ಮಾತಾಡಿದರು. ನಿದ್ದೆಯಲ್ಲೂ ಇಷ್ಟು ಕಲಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಹಾರ ಹಾಕಲು ಬಂದವನ ಮುಖ ನೋಡಿದೆ. ಸಂಜು! ಹೈದರಾಬಾದಿನಲ್ಲಿ ಕಣ್ಮರೆಯಾದವನು ಗರಿಗರಿ ಅಂಗಿ ತೊಟ್ಟು ನನ್ನ ಕಾಲು ಮುಟ್ಟಿದ. "ನಿಮ್ಮಿಂದ ಉದ್ಧಾರ ಆದ್ನಿರಿ ಸಾಹೇಬ್ರ. ಅಲ್ಲಿ ಲ್ಯಾಬ್ ಭಾಳ ಚಲೋ ನಡದದ" ಎಂದು ನನ್ನ ಬಾಯಿಗೆ ಪೇಢಾ ಇಟ್ಟ. ನಾನು ತಿಂದೆ. ಉಗುಳಬೇಕಿತ್ತು, ನುಂಗಿದೆ.

ಜನ ಕರಗಿದ ಮೇಲೆ ಡೈರೆಕ್ಟರನ್ನು ಪಕ್ಕಕ್ಕೆ ಕರೆದೆ. "ಲ್ಯಾಬ್ ನಡದದ ಅಂದ್ರ ಕಂತು ಅವನೇ ಕಟ್ಟಲಿರಿ. ಸಿಸ್ಟರ್ ಮನಿ ಹೋಗ್ತದ."

ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಆಕಿ ಒಬ್ಬಾಕಿ ಹೆಣ್ಣಮಗಳು, ಅಷ್ಟು ರೊಕ್ಕ ಏನ್ ಮಾಡ್ತಾಳ್ರಿ? ಅವನಿಗಿ ಹೆಂಡ್ರು ಮಕ್ಕಳು ಅವ. ಮುಂದಿನ ತಿಂಗಳ ನಿಮ್ಮ ಪ್ರಮೋಷನ್ ಬೋರ್ಡಿಗಿ ಬರ್ತದ. ನಾ ಇದ್ದೀನಿ, ನೀವು ಸುಮ್ಮ ಇರ್ರಿ."

ಶಾಲು ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಮತ್ತೆ ಔರಾದ

ಮರುದಿನ ಮಾರ್ತಾ ಸಿಸ್ಟರ್ ತಾವಾಗಿಯೇ ಬ್ಯಾಂಕಿಗೆ ಬಂದರು. ಒಪ್ಪಿಗೆ ಪತ್ರಕ್ಕೆ ಕರೆಯುತ್ತಾರೆಂದು ಅವರಿಗೆ ಗೊತ್ತಿತ್ತು. ನಾನು ಪತ್ರ ಹೊರತೆಗೆಯುವ ಬದಲು ಹಳೆಯ ಫೈಲು ತೆಗೆದೆ. "ಕೂಡ್ರಿ ಸಿಸ್ಟರ್. ಇದನ್ನ ನಿಮಗ ಒಮ್ಮೆಯೂ ಓದಿ ಹೇಳಿಲ್ಲ" ಎಂದು ಜಾಮೀನು ಪತ್ರವನ್ನು ಸಾಲುಸಾಲಾಗಿ, ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಇಪ್ಪತ್ತು ಮಿನಿಟು ಹಿಡಿಯಿತು. ಅವರು ಕೈ ಕಟ್ಟಿ ಕೇಳಿದರು.

"ಅವತ್ತ ಹಿಂಗ ಓದಿದ್ರ ನಾ ಸಹಿ ಹಾಕ್ತಿರಲಿಲ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಚೀಲದಿಂದ ತಾವೇ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಕೈಬರಹ, ದುಂಡಗಿನ ಅಕ್ಷರ. ಮ್ಯಾನೇಜರು ಫೋನು ಮಾಡಿ ಕರೆದರು, ಕಾಗದ ಓದಿ ಹೇಳಲಿಲ್ಲ, ಸಾಲಗಾರನ ದಂಧೆ ವಿಚಾರಿಸಲಿಲ್ಲ, ಡೈರೆಕ್ಟರ್ ಬಸವಂತರಾವ್ ಅವರ ಮಾತಿನ ಮೇಲೆ ಸಾಲ ಕೊಟ್ಟರು ಎಂದು ಬರೆದಿತ್ತು. ಕಡೆಗೆ, ಇದೆಲ್ಲ ನಿಜ ಎಂದು ನನ್ನ ಸಹಿಗೆ ಜಾಗ. ಡೈರೆಕ್ಟರರ ಫೋನಿನ ಸುದ್ದಿ ಇಡೀ ಔರಾದಿಗೆ ಗೊತ್ತಿದ್ದದ್ದೇ.

"ಬೀದರಿನ ವಕೀಲರು ಕೇಳ್ಯಾರ್ರಿ. ಇದಿದ್ರ ಕೋರ್ಟಿನ್ಯಾಗ ನನ್ನ ಮನಿ ಉಳೀಬಹುದಂತ. ನಿಮಗ ಒಪ್ಪಗಿ ಇದ್ರ ಹಾಕ್ರಿ."

ಸಹಿ ಹಾಕಿದರೆ ನನ್ನ ಮೇಲೆ ವಿಚಾರಣೆ, ಪ್ರಮೋಷನ್ ಅಂತೂ ಇಲ್ಲ, ನೌಕರಿ ಉಳಿದರೆ ಪುಣ್ಯ. ಕಾಗದವನ್ನು ಓದಿದೆ. ಮತ್ತೆ ಓದಿದೆ. ಯಾವ ಪದ ನನ್ನನ್ನು ಎಲ್ಲಿ ಸಿಕ್ಕಿಸುತ್ತದೆಂದು ಬೆರಳಿಟ್ಟು ಮೂರನೆಯ ಸಲ ಓದಿದೆ. ಕೇಳಬಾರದಿತ್ತು, ಕೇಳಿದೆ. "ಡೈರೆಕ್ಟರ್ ಸಾಹೇಬ್ರ ಹೆಸರು ತೆಗೆದ್ರ ಹ್ಯಾಂಗ್ರಿ ಸಿಸ್ಟರ್?"

ಅವರು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿ ಆರಾಮವಾಗಿ ಕೂತರು.

"ಸಾವಕಾಶ ಓದ್ರಿ ಸಾಹೇಬ್ರ" ಎಂದರು. "ನಾ ಇವತ್ತ ರಜಾ ಹಾಕಿ ಬಂದೀನಿ."

ನಾಲ್ಕನೆಯ ಸಲ ಓದಿ, ಒಂದು ಹೆಸರನ್ನೂ ತೆಗೆಯದೆ ಸಹಿ ಮಾಡಿದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಪೂರ್ತಿ ಓದಿ ಸಹಿ ಮಾಡಿದ ಮೊದಲ ಕಾಗದ ಅದು.